ಬಿಚ್ಚಿ ಜೋಡಿಸಬಲ್ಲ ಪಾದರಕ್ಷೆ

ಪಾದರಕ್ಷೆಗಳ ವಿನ್ಯಾಸದಲ್ಲಿಯೇ ಬಹುಕಾಲ ಕಳೆದ ಡೇವ್ ಡೊಂಬ್ರೋ ಹಾಗೂ ಕೆವಿನ್ ಫಾಲನ್ ಅವರು ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಸ್ಥಾಪಿಸಿದ ಸ್ಪೀಡ್‌ಲ್ಯಾಂಡ್ ಸಂಸ್ಥೆಯು 2021ರಲ್ಲಿ ಹೊರತಂದ, ಬೆಟ್ಟದ ಕಾಲುದಾರಿಯ ಓಟಕ್ಕೆಂದೇ ರಚಿತವಾದ ಎಸ್‌ಎಲ್‌-ಪಿಡಿಎಕ್ಸ್ ಎಂಬ ಶೂವನ್ನು ಎಷ್ಟು ಕೊಂಡಾಡಿದರೂ ನನಗೆ ತೃಪ್ತಿಯಿಲ್ಲ. ಓಟದ ಶೂಗಳಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ಹೊರಗಿನ ರಬ್ಬರಲ್ಲ, ಮೇಲಿನ ಬಟ್ಟೆಯೂ ಅಲ್ಲ, ಕಣ್ಣಿಗೆ ಬೀಳದ ನಡುವಣ ಮೆತ್ತೆ. ಹೆಜ್ಜೆಹೆಜ್ಜೆಗೂ ದೇಹಭಾರವನ್ನು ಹೊತ್ತು ಅದರ ಸೂಕ್ಷ್ಮ ಕೋಶಗಳು ಕುಸಿದು ಪುಟಿಯುವ ಗುಣವನ್ನು ಕಳೆದುಕೊಂಡೊಡನೆ, ಅಂಟಿನಿಂದ ಅದಕ್ಕೆ ಬಂಧಿತವಾದ ಉಳಿದೆಲ್ಲವೂ ಗಟ್ಟಿಮುಟ್ಟಾಗಿದ್ದೂ ಕಸಕ್ಕೆ ಸೇರುತ್ತದೆ. ಇಲ್ಲಿಯಾದರೋ, ಪೆಬ್ಯಾಕ್ಸ್ ಫೋಮಿನಿಂದ ರೂಪಿಸಿದ ಆ ಮೆತ್ತೆಯು ಅಂಟಿನ ಹಂಗಿಲ್ಲದೆ ಶೂವಿನ ಒಡಲೊಳಗೆ ಬಿಗಿಯಾಗಿ ಕುಳಿತಿದ್ದು, ಬೆರಳಿನಿಂದ ಎತ್ತಿದರೆ ಇಡಿಯಾಗಿ ಕೈಗೆ ಬರುತ್ತದೆ! ಅದರ ಜೊತೆಗಿರುವ ತೆಳುವಾದ ಕಾರ್ಬನ್ ಫಲಕವನ್ನು ಬೇಕೆಂದರೆ ಇರಿಸಬಹುದು, ಬೇಡವೆಂದರೆ ತೆಗೆಯಬಹುದು. ಮಿಶೆಲಿನ್ ರಬ್ಬರಿನ ಹೊರ ಅಟ್ಟೆಯ ಹಲ್ಲುಗಳ ಮೇಲಂತೂ, ಓಡುವಾತನು ತನ್ನ ನೆಲಕ್ಕೆ ತಕ್ಕಂತೆ ಕತ್ತರಿಸಿಕೊಳ್ಳಲೆಂದೇ ಗೆರೆಗಳನ್ನು ಅಚ್ಚೊತ್ತಿದ್ದಾರೆ. ಕೊಳ್ಳುವವನ ಕೈಗೂ ಒಂದಿಷ್ಟು ಕೆಲಸವನ್ನು ಉಳಿಸಿಟ್ಟ ಆ ಸೌಜನ್ಯವು ನನಗೆ ಅತ್ಯಂತ ಪ್ರಿಯವಾದುದು. ಬಿಡುಗಡೆಯಾದಾಗ ಅದಕ್ಕಿದ್ದ 375 ಡಾಲರುಗಳ ಬೆಲೆ ಅಗ್ಗವೇನಾಗಿರಲಿಲ್ಲ. ಆದರೂ ಸವೆದುದನ್ನು ಮಾತ್ರ ಬದಲಿಸಿ ಉಳಿದುದನ್ನು ಕಾಪಾಡುವ ಈ ಕ್ರಮವನ್ನು ಇತರ ತಯಾರಕರೂ ಅಂಗೀಕರಿಸಬೇಕು.