ಮುನ್ಸೂಚನೆ ಸಿಕ್ಕಿದ್ದರೆ ಶ್ರೀರಂಗಪಟ್ಟಣ ಉಳಿಯುತ್ತಿತ್ತೇ? – 1799ರ ಕಥನಗಳ ಒಂದು ವಿಮರ್ಶೆ

ಮೂಡಿಗೆರೆ ತಾಲ್ಲೂಕಿನ ಬಾಳೂರಿಗೂ ಶ್ರೀರಂಗಪಟ್ಟಣದ ಕೋಟೆಗೂ ಏನು ಸಂಬಂಧ? ಸಂಬಂಧ ನೀರಿನದು. ಬಾಳೂರಿಗೆ ಸಮೀಪದ ಜಾವಳಿಯ ಗುಡ್ಡಗಳಲ್ಲಿ ಹುಟ್ಟುವ ಹೇಮಾವತಿ ಸಕಲೇಶಪುರ, ಗೊರೂರುಗಳನ್ನು ದಾಟಿ ಕಾವೇರಿಯನ್ನು ಸೇರುತ್ತದೆ. ಈ ಸಂಗಮ ಇಂದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿದೆ. ಅಣೆಕಟ್ಟುಗಳಿಲ್ಲದ 18ನೇ ಶತಮಾನದಲ್ಲಿ ಜಾವಳಿಯಲ್ಲೂ ಕೊಡಗಿನಲ್ಲೂ ಸುರಿದ ಮುಂಗಾರು ಮಳೆ ತಡೆಯಿಲ್ಲದೆ ಶ್ರೀರಂಗಪಟ್ಟಣದ ಗೋಡೆಯವರೆಗೆ ಹರಿದು ಬರುತ್ತಿತ್ತು. ಆ ದ್ವೀಪಕೋಟೆಗೆ ಅತ್ಯಂತ ನಂಬಿಕೆಯ ರಕ್ಷಣೆ ತುಂಬಿದ ಹೊಳೆಯೇ ಆಗಿತ್ತು.

ಇದಕ್ಕೆ ಪುರಾವೆಯೂ ಇದೆ. 1791ರ ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಕಾರ್ನ್‌ವಾಲಿಸ್ ಮೇಲುಗೈ ಪಡೆದ. ಆದರೂ ಮಳೆ, ಸಾಯುತ್ತಿದ್ದ ಎತ್ತುಗಳು ಮತ್ತು ಅಕ್ಕಿಯ ಕೊರತೆಯಿಂದಾಗಿ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ, ಆ ತಿಂಗಳ ಕೊನೆಯಲ್ಲಿ ಹಿಂದಿರುಗಬೇಕಾಯಿತು. ಎಂಟು ವರ್ಷಗಳ ಅನಂತರ, 1799ರ ಮೇ 4ರ ಮಧ್ಯಾಹ್ನ, ಹೊಳೆ ಇನ್ನೂ ಸೊಂಟಮಟ್ಟದಲ್ಲಿದ್ದಾಗಲೇ ಬ್ರಿಟಿಷ್ ಪಡೆ ಅದನ್ನು ದಾಟಿ ಕೋಟೆಯನ್ನು ಹಿಡಿಯಿತು. ಟಿಪ್ಪು ಸುಲ್ತಾನ್ ಹೋರಾಡುತ್ತ ಮಡಿದ.

ಈ ಸೋಲನ್ನು ವಿವರಿಸುವ ಕಥನಗಳು ಮುಖ್ಯವಾಗಿ ಎರಡು. ಶಾಲೆಗಳಲ್ಲೂ ನಾಟಕಗಳಲ್ಲೂ ಇವೇ ಮತ್ತೆ ಮತ್ತೆ ಕೇಳಿಬರುತ್ತವೆ. ವಿಜ್ಞಾನದ ವಿದ್ಯಾರ್ಥಿಯ ಕಣ್ಣಿನಿಂದ ಅವನ್ನು ಪರಿಶೀಲಿಸುವುದು ಈ ಬರಹದ ಉದ್ದೇಶ.

ಎರಡು ಕಥನ, ಒಂದೇ ದೋಷ

ಮೊದಲನೆಯದು ದ್ರೋಹದ ಕಥನ. ಟಿಪ್ಪುವಿನ ಕಾಲದವನೇ ಆದ ಕಿರ್ಮಾನಿ ಪಾರ್ಸಿ ಭಾಷೆಯಲ್ಲಿ ಬರೆದ ಇತಿಹಾಸದಿಂದ ಇದು ಜನಪ್ರಿಯವಾಯಿತು. ಇದರಂತೆ ಸಂಬಳ ಹಂಚುವ ನೆಪದಲ್ಲಿ ದಿವಾನ ಮೀರ್ ಸಾದಿಕ್ ಗೋಡೆಯ ಒಡಕಿನ ಬಳಿಯಿದ್ದ ಸಿಪಾಯಿಗಳನ್ನು ಹಿಂದಕ್ಕೆ ಕರೆಸಿದ. ಎರಡನೆಯದು ವಿಜೇತರ ಕಥನ. ಬೀಟ್ಸನ್ 1800ರಲ್ಲಿ, ವಿಲ್ಕ್ಸ್ ಅನಂತರದ ವರ್ಷಗಳಲ್ಲಿ ಪ್ರಕಟಿಸಿದ ಗ್ರಂಥಗಳು ಇದಕ್ಕೆ ಆಧಾರ. ಇಲ್ಲಿ ಸೋಲಿಗೆ ಕಾರಣ ಟಿಪ್ಪುವಿನ ಅಲಕ್ಷ್ಯ ಮತ್ತು ಹೊಗಳುಭಟರ ಮಾತಿಗೆ ಮರುಳಾದ ಮನಸ್ಸು.

ಎರಡೂ ಕಥನಗಳು ಪರಸ್ಪರ ವಿರುದ್ಧವಾಗಿ ಕಂಡರೂ ಅವುಗಳ ದೋಷ ಒಂದೇ. ಸರಿಯಾದ ಮಾತು ಸರಿಯಾದ ಕಿವಿಗೆ ತಲುಪಿದ್ದರೆ ಫಲಿತಾಂಶ ಬದಲಾಗುತ್ತಿತ್ತು ಎಂದು ಎರಡೂ ನಂಬಿಸುತ್ತವೆ. ಆ ಮಾತು ತಲುಪಿದ ಮೇಲೆ ಏನು ಮಾಡಲು ಸಾಧ್ಯವಿತ್ತು, ಅದಕ್ಕೆ ಎಷ್ಟು ಹೊತ್ತು ಬೇಕಿತ್ತು ಎಂಬ ಲೆಕ್ಕವನ್ನು ಎರಡೂ ಮಾಡುವುದಿಲ್ಲ.

ಮುನ್ಸೂಚನೆ ಇರಲಿಲ್ಲವೇ?

ಇತ್ತು, ಅದೂ ಒಂದಕ್ಕಿಂತ ಹೆಚ್ಚು. ಶತ್ರು ಏಪ್ರಿಲ್ ತಿಂಗಳ ಮೊದಲ ವಾರದಿಂದಲೇ ಎದುರಿಗಿದ್ದ. ಕೋಟೆಯ ವಾಯವ್ಯ ಮೂಲೆಯ ಗೋಡೆ ಮೇ 3ರ ವೇಳೆಗೆ ಏರಿ ಬರುವಷ್ಟು ಕುಸಿದಿದ್ದುದು ಎಲ್ಲರಿಗೂ ಕಾಣುತ್ತಿತ್ತು. ದಾಳಿಯ ಸ್ಥಳ ಗುಟ್ಟಾಗಿರಲಿಲ್ಲ. ಗುಟ್ಟಾಗಿದ್ದುದು ಅದರ ಹೊತ್ತು ಮಾತ್ರ. ಆ ಹೊತ್ತಿನ ಬಗ್ಗೆಯೂ ಎರಡು ಎಚ್ಚರಿಕೆಗಳು ಟಿಪ್ಪುವನ್ನು ತಲುಪಿದುವೆಂದು ವಿಜೇತರ ದಾಖಲೆಗಳೇ ಹೇಳುತ್ತವೆ.

ಮೊದಲನೆಯದು ಜ್ಯೋತಿಷಿಗಳದು. ಆ ದಿನ ಅಶುಭವೆಂದು ಅವರು ಹೇಳಿದರು. ಟಿಪ್ಪು ಅವರು ಹೇಳಿದಂತೆ ದಾನಗಳನ್ನು ಮಾಡಿದ. ಎರಡನೆಯದು ದಳಪತಿ ಸಯ್ಯದ್ ಗಫಾರನದು. ಶತ್ರುವಿನ ಕಂದಕಗಳಲ್ಲಿ ನಡೆಯುತ್ತಿದ್ದುದನ್ನು ಗಮನಿಸಿದ ಆತ, ದಾಳಿ ಸನ್ನಿಹಿತವಾಗಿದೆ ಎಂದು ತಿಳಿಸಿದ. ಹಗಲಿನಲ್ಲಿ ದಾಳಿಯಾಗದು ಎಂಬ ಉತ್ತರ ಬಂತು. ಸ್ವಲ್ಪ ಹೊತ್ತಿನಲ್ಲೇ ಆತ ಫಿರಂಗಿ ಗುಂಡಿಗೆ ಬಲಿಯಾದ.

ಜ್ಯೋತಿಷಿಗಳ ಮಾತು ನಿಜವಾಯಿತಲ್ಲ ಎಂದು ವಿದ್ಯಾರ್ಥಿಯೊಬ್ಬ ಕೇಳಬಹುದು. ಕೇಳಲಿ. ಮುತ್ತಿಗೆಗೆ ಒಳಗಾದ ಊರಿನಲ್ಲಿ ಯಾವ ದಿನವನ್ನು ಅಶುಭವೆಂದರೂ ನಿಜವಾಗುವ ಸಂಭವ ಹೆಚ್ಚು. ಅದಕ್ಕಿಂತ ಮುಖ್ಯವಾದುದು, ಆ ಎಚ್ಚರಿಕೆಯಿಂದ ಹುಟ್ಟಿದ ಕೆಲಸ ದಾನ. ಗಫಾರನ ಎಚ್ಚರಿಕೆ ವೀಕ್ಷಣೆಯಿಂದ ಬಂದದ್ದು. ಅದರಿಂದ ಹುಟ್ಟಬೇಕಾಗಿದ್ದ ಕೆಲಸಗಳು ಒಡಕಿನ ಹಿಂದೆ ಮಣ್ಣಿನ ತಡೆ, ಕಾವಲಿನ ಹೆಚ್ಚಳ, ಬಾಣದ ಪಡೆಯ ಸಿದ್ಧತೆ. ಮುನ್ಸೂಚನೆಯ ಬೆಲೆಯನ್ನು ಅದು ನಿಜವಾಯಿತೇ ಎಂಬುದರಿಂದಷ್ಟೇ ಅಳೆಯಬಾರದು. ಅದು ಯಾವ ಕೆಲಸಕ್ಕೆ ದಾರಿ ಮಾಡಿತು ಎಂಬುದರಿಂದಲೂ ಅಳೆಯಬೇಕು.

ಆರು ನಿಮಿಷಗಳ ಲೆಕ್ಕ

ಜನರಲ್ ಬೇರ್ಡ್‌ನ ನೇತೃತ್ವದ ಸುಮಾರು 4,400 ಮಂದಿಯ ಪಡೆ ಬೆಳಗಾಗುವ ಮೊದಲೇ ಕಂದಕಗಳಲ್ಲಿ ಅಡಗಿ ಕುಳಿತಿತ್ತು. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಅದು ಹೊರಬಿತ್ತು. ಎದುರಿಗೆ ಸುಮಾರು 250 ಮೀಟರ್ ಅಗಲದ ಕಲ್ಲುಬಂಡೆಗಳ ನದಿಪಾತ್ರ. ಆರೇಳು ನಿಮಿಷಗಳಲ್ಲಿ ಮುಂಚೂಣಿಯವರು ಒಡಕಿನ ತುದಿಯಲ್ಲಿ ಬಾವುಟ ನೆಟ್ಟರೆಂದು ದಾಖಲೆಗಳಿವೆ.

ಈಗ ಒಳಗಿನವರ ಲೆಕ್ಕ ಮಾಡಿ. ಕಾವಲುಗಾರ ಕಂಡ ಕ್ಷಣದಲ್ಲೇ ಓಟಗಾರನೊಬ್ಬ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹೊರಟನೆನ್ನೋಣ. ಅರ್ಧ ಕಿಲೋಮೀಟರ್ ತಲುಪಲು ಆತನಿಗೆ ಸುಮಾರು 2 ನಿಮಿಷ 45 ಸೆಕೆಂಡು ಬೇಕು. ಆದೇಶ ಹಿಂದಿರುಗಲು ಮತ್ತೆ ಅಷ್ಟೇ. ಯೋಚಿಸಲು, ಸಿಪಾಯಿಗಳನ್ನು ಒಟ್ಟುಗೂಡಿಸಲು ಒಂದು ನಿಮಿಷವನ್ನೂ ಕೊಡದೆಯೇ ಐದೂವರೆ ನಿಮಿಷ ಮುಗಿಯಿತು. ದಾಳಿ ಕಂಡ ಮೇಲಿನ ಸುದ್ದಿ ಎಷ್ಟು ನಿಷ್ಠೆಯಿಂದ ಬಂದರೂ ನಿಷ್ಪ್ರಯೋಜಕ. ಉಪಯೋಗವಾಗಬಹುದಾಗಿದ್ದುದು ಒಂದು ರಾತ್ರಿ ಮೊದಲಿನ ಸೂಚನೆ, ಇಲ್ಲವೇ ಅಪ್ಪಣೆಗೆ ಕಾಯದೆ ತಾವಾಗಿಯೇ ನಡೆಯುವ ಪೂರ್ವಸಿದ್ಧತೆ.

ಸಿದ್ಧತೆಯಿದ್ದಾಗ ಏನಾಗುತ್ತದೆ ಎಂಬುದಕ್ಕೆ ಅದೇ ಮುತ್ತಿಗೆಯಲ್ಲಿ ಉದಾಹರಣೆಯಿದೆ. ಏಪ್ರಿಲ್ 5ರ ರಾತ್ರಿ ಆರ್ಥರ್ ವೆಲ್ಲೆಸ್ಲಿ ಸುಲ್ತಾನ್‌ಪೇಟೆಯ ತೋಪಿನ ಮೇಲೆ ದಾಳಿ ಮಾಡಿ, ಕತ್ತಲಲ್ಲಿ ದಾರಿ ತಪ್ಪಿ, ಎಚ್ಚರದಿಂದಿದ್ದ ಟಿಪ್ಪುವಿನ ಪಡೆಯಿಂದ ಪೆಟ್ಟು ತಿಂದು ಹಿಮ್ಮೆಟ್ಟಿದ. ಮರುದಿನ ಹಗಲಿನಲ್ಲಿ ಹೆಚ್ಚಿನ ಬಲದೊಂದಿಗೆ ಬಂದು ಅದೇ ತೋಪನ್ನು ವಶಪಡಿಸಿಕೊಂಡ. ಅಂದರೆ ಎಚ್ಚರ ಒಂದು ದಿನವನ್ನು ಗಳಿಸಿಕೊಟ್ಟಿತು, ತೋಪನ್ನು ಉಳಿಸಲಿಲ್ಲ.

ಮೇ 4ರ ದಾಳಿಯನ್ನು ಹಿಮ್ಮೆಟ್ಟಿಸಿದ್ದರೆ? ಮುಂಗಾರಿಗೆ ಇನ್ನೂ ಮೂರು ನಾಲ್ಕು ವಾರಗಳಿದ್ದವು. ಜನರಲ್ ಹ್ಯಾರಿಸ್‌ನ ಸೈನ್ಯದಲ್ಲಿ ಅಕ್ಕಿಗೆ ತೀವ್ರ ಅಭಾವವಿತ್ತು. ಆದರೆ ದವಸದ ದಂಡು ದಾರಿಯಲ್ಲಿತ್ತು. ಮುನ್ಸೂಚನೆ ನೇರವಾಗಿ ಗೆಲುವನ್ನು ತರುತ್ತಿರಲಿಲ್ಲ. ಕೆಲವು ದಿನಗಳನ್ನು ತರಬಹುದಿತ್ತು. ಆ ದಿನಗಳು ಹೇಮಾವತಿ, ಕಾವೇರಿಗಳ ನೀರಿನವರೆಗೆ ಮುಟ್ಟುತ್ತಿದ್ದವೇ ಎಂಬುದೇ ನಿಜವಾದ ಪ್ರಶ್ನೆ. ಮುಟ್ಟುವ ಸಾಧ್ಯತೆ ಇತ್ತು, ಖಚಿತತೆ ಇರಲಿಲ್ಲ. ಇದಕ್ಕಿಂತ ಹೆಚ್ಚು ಹೇಳುವ ಕಥನವನ್ನು ನಾವು ಅನುಮಾನದಿಂದ ನೋಡಬೇಕು.

ಬೇರೆಡೆಯ ಸಾಕ್ಷ್ಯ

1941ರ ಡಿಸೆಂಬರ್ 7ರ ಬೆಳಿಗ್ಗೆ 7 ಗಂಟೆ 2 ನಿಮಿಷಕ್ಕೆ ಹವಾಯಿಯ ಓಪಾನಾ ರೇಡಾರ್ ಸುಮಾರು 200 ಕಿಲೋಮೀಟರ್ ದೂರದಲ್ಲಿ ಜಪಾನಿನ ವಿಮಾನಗಳನ್ನು ಗುರುತಿಸಿತು. ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿದ್ದದ್ದು 7 ಗಂಟೆ 55ಕ್ಕೆ. ಆ 53 ನಿಮಿಷಗಳು ವ್ಯರ್ಥವಾದವು. ಅವು ಅಮೆರಿಕದ್ದೇ ವಿಮಾನಗಳೆಂದು ಅಧಿಕಾರಿ ಭಾವಿಸಿದ. ಇನ್ನೊಂದು ಎಚ್ಚರಿಕೆ ನವೆಂಬರ್ 27ರಂದೇ ಬಂದಿತ್ತು. ಅಲ್ಲಿನ ಸೇನೆ ಅದನ್ನು ಒಳಗಿನ ವಿಧ್ವಂಸಕರ ಭಯವೆಂದು ಅರ್ಥಮಾಡಿಕೊಂಡು ವಿಮಾನಗಳನ್ನು ಒತ್ತೊತ್ತಾಗಿ ನಿಲ್ಲಿಸಿತು. ಆಕಾಶದಿಂದ ಬಂದವರಿಗೆ ಅದರಿಂದ ಅನುಕೂಲವೇ ಆಯಿತು. ಮುನ್ಸೂಚನೆ ಸಿಕ್ಕಿ ಹಡಗುಗಳು ಆಳ ಸಮುದ್ರಕ್ಕೆ ಹೋಗಿದ್ದರೆ ನಷ್ಟ ಇನ್ನೂ ಹೆಚ್ಚುತ್ತಿತ್ತು ಎಂಬುದು ಅನಂತರ ಆ ನೌಕಾಪಡೆಯನ್ನು ನಡೆಸಿದ ನಿಮಿಟ್ಜ್‌ನ ಅಭಿಪ್ರಾಯ. ಆಳವಿಲ್ಲದ ಬಂದರಿನಲ್ಲಿದ್ದುದರಿಂದಲೇ ಮುಳುಗಿದವುಗಳಲ್ಲಿ ಕೆಲವನ್ನು ಮೇಲೆತ್ತಲಾಯಿತು. ಎಂಟು ದೊಡ್ಡ ಯುದ್ಧನೌಕೆಗಳಲ್ಲಿ ಆರು ಮತ್ತೆ ಸೇವೆಗೆ ಬಂದವು.

ನಮ್ಮ ದೇಶದ ಉದಾಹರಣೆ ಇದಕ್ಕೆ ಪೂರಕ. 1965ರ ಸೆಪ್ಟೆಂಬರ್ 6ರಂದು ಪಠಾಣ್‌ಕೋಟ್‌ನಲ್ಲಿ ನೆಲದ ಮೇಲಿದ್ದ ನಮ್ಮ ವಿಮಾನಗಳು ನಾಶವಾದವು. ಆ ಪಾಠದಿಂದ ವಿಮಾನಗಳಿಗೆ ಭದ್ರವಾದ ಆಸರೆಗಳನ್ನು ಕಟ್ಟಲಾಯಿತು. 1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನ ಹಠಾತ್ತನೆ ಎರಗಿದಾಗ ನಮ್ಮ ವಾಯುಪಡೆಗೆ ಹೆಚ್ಚಿನ ಹಾನಿಯಾಗಲಿಲ್ಲ. ಆರು ವರ್ಷ ಮೊದಲಿನ ಪಾಠ ಕೊನೆಯ ನಿಮಿಷದ ಸುದ್ದಿಗಿಂತ ಹೆಚ್ಚು ಕೆಲಸ ಮಾಡಿತು.

ತರಗತಿಯಲ್ಲಿ

‘ದ್ರೋಹಿ ಯಾರು?’ ಎಂಬ ಪ್ರಶ್ನೆ ಮಕ್ಕಳಿಗೆ ರುಚಿಸುತ್ತದೆ. ಅದರ ಜೊತೆಗೆ ಶಿಕ್ಷಕರು ಇನ್ನೂ ನಾಲ್ಕು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು: ಸೂಚನೆ ಯಾವ ವೀಕ್ಷಣೆಯಿಂದ ಬಂತು? ಯಾರಿಗೆ ತಲುಪಿತು? ಉಳಿದ ಸಮಯವೆಷ್ಟು? ಅಷ್ಟರಲ್ಲಿ ಮುಗಿಯುವ ಕೆಲಸ ಯಾವುದು?

ಮಲೆನಾಡಿನವರಿಗೆ ಇವು ಬರೀ ಇತಿಹಾಸದ ಪ್ರಶ್ನೆಗಳಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರಿದು ಮನೆ, ತೋಟಗಳು ಹಾಳಾದವು. ಗುಡ್ಡಕ್ಕೆ ಶತ್ರುತ್ವವಿಲ್ಲ, ದ್ರೋಹಿಗಳೂ ಇಲ್ಲ. ಆದರೆ ನಿಮಿಷಗಳ ಲೆಕ್ಕ ಅಲ್ಲಿಯೂ ಅದೇ. ಭಾರಿ ಮಳೆಯ ಮುನ್ಸೂಚನೆ ಮೊಬೈಲಿಗೆ ಬಂದಾಗ ಯಾವ ಮನೆಯವರು, ಯಾವ ದಾರಿಯಲ್ಲಿ, ಎಲ್ಲಿಗೆ ಹೋಗಬೇಕೆಂಬುದು ಬೇಸಿಗೆಯಲ್ಲೇ ತೀರ್ಮಾನವಾಗಿದ್ದರೆ ಮಾತ್ರ ಆ ಸೂಚನೆಗೆ ಅರ್ಥವಿರುತ್ತದೆ.