ಸಂಚಯದ ಎರಡು ಆಟಗಳು: ಒಂದು ವಿಮರ್ಶೆ

ಗಣಕಯಂತ್ರದ ಆಟಗಳಲ್ಲಿ 'ಐಡಲ್ ಗೇಮ್' ಎಂದು ಕರೆಯಲ್ಪಡುವ ಒಂದು ವರ್ಗವುಂಟು. ಆಡುವವನು ಮೊದಮೊದಲು ಗುಂಡಿಯೊಂದನ್ನು ಪದೇ ಪದೇ ಒತ್ತಿ ಏನನ್ನೋ ಸಂಪಾದಿಸುತ್ತಾನೆ. ಸಂಪಾದಿಸಿದ್ದನ್ನು ತೆತ್ತು ತನಗೆ ಬದಲಾಗಿ ದುಡಿಯುವ ಸಾಧನಗಳನ್ನು ಕೊಳ್ಳುತ್ತಾನೆ. ಕಡೆಗೆ ಅವನು ಸುಮ್ಮನೆ ಕುಳಿತಿದ್ದರೂ ಅಂಕಿ ಬೆಳೆಯುತ್ತಲೇ ಇರುತ್ತದೆ. ಇಂಥ ಬಾಲಿಶ ವಸ್ತುವಿಗೆ ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಎಡೆಯೇಕೆಂದು ಕೇಳುವವರಿರಬಹುದು. ಉತ್ಪಾದನೆ, ಬಂಡವಾಳ, ದಂಗೆ, ಪ್ರಳಯ ಇವೆಲ್ಲವನ್ನೂ ಒಂದೇ ಜಮಾಖರ್ಚಿನ ಪುಸ್ತಕಕ್ಕೆ ಇಳಿಸುವ ಈ ಆಟಗಳಿಗೆ ತಮ್ಮದೇ ಆದ ಒಂದು ಇತಿಹಾಸದೃಷ್ಟಿಯಿದೆ ಎಂಬುದೇ ನಮ್ಮ ಉತ್ತರ. ನಮ್ಮ ತರಗತಿಯ ಹಿಂದಿನ ಸಾಲುಗಳಲ್ಲಿ ಆ ದೃಷ್ಟಿಯ ಅಭ್ಯಾಸವು ಎಡೆಬಿಡದೆ ನಡೆದಿರುವುದನ್ನೂ ನಾವು ಬಲ್ಲೆವು.

ಈ ಆಟಗಳ ಬೇರಿನಲ್ಲಿಯೇ ವಿಡಂಬನೆಯಿದೆ. ಫೇಸ್‌ಬುಕ್ಕಿನ ಬೇಸಾಯದ ಆಟಗಳನ್ನು ಹಾಸ್ಯಮಾಡಲೆಂದು ಅಮೆರಿಕದ ಅಧ್ಯಾಪಕ ಇಯಾನ್ ಬೊಗೋಸ್ಟ್ ಅವರು 2010ರಲ್ಲಿ 'ಕೌ ಕ್ಲಿಕರ್' ಎಂಬುದನ್ನು ರಚಿಸಿದರು. ಆರು ಗಂಟೆಗೊಮ್ಮೆ ಹಸುವಿನ ಚಿತ್ರವನ್ನು ಒತ್ತುವುದಷ್ಟೇ ಅದರ ಸಾರ. ಜನರು ಅದನ್ನು ಶ್ರದ್ಧೆಯಿಂದ ಆಡಿದರು. 2011ರಲ್ಲಿ ಹಸುಗಳನ್ನೆಲ್ಲ ಅಳಿಸಿಹಾಕಿದ ಮೇಲೂ ಕೆಲವರು ಬರಿದಾದ ಜಾಗವನ್ನೇ ಒತ್ತುತ್ತಿದ್ದರು. ವಿಡಂಬನೆಯ ರೂಪವೇ ವಿಡಂಬನೆಯ ಅರ್ಥವನ್ನು ನುಂಗಬಲ್ಲದೆಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ನಮಗೆ ತಿಳಿದಿಲ್ಲ.

ಫ್ರಾನ್ಸಿನ ಜೂಲಿಯೆನ್ ತಿಯೆನೊ ಅವರು 2013ರ ಆಗಸ್ಟಿನಲ್ಲಿ ಪ್ರಕಟಿಸಿದ 'ಕುಕೀ ಕ್ಲಿಕರ್' ಇದೇ ಹಾದಿಯ ಪ್ರಸಿದ್ಧ ಕೃತಿ. ಇಲ್ಲಿ ಗಳಿಸತಕ್ಕದ್ದು ಬಿಸ್ಕತ್ತು. 100 ಬಿಸ್ಕತ್ತಿಗೆ ಒಬ್ಬ ಅಜ್ಜಿಯನ್ನು ಕೊಳ್ಳಬಹುದು; ಆಕೆ ಸೆಕೆಂಡಿಗೆ ಒಂದರಂತೆ ಸುಡುತ್ತಾಳೆ. ಮುಂದಿನ ಪ್ರತಿಯೊಬ್ಬ ಅಜ್ಜಿಯ ಬೆಲೆಯೂ ಹಿಂದಿನವಳಿಗಿಂತ ನೂರಕ್ಕೆ 15ರಷ್ಟು ಅಧಿಕ. ಅನಂತರ ಹೊಲ, ಗಣಿ, ಕಾರ್ಖಾನೆ, ಬ್ಯಾಂಕು, ದೇವಾಲಯ. (ಬ್ಯಾಂಕಿನ ತರುವಾಯ ದೇವಾಲಯ ಬರುವ ಈ ಕಾಲಾನುಕ್ರಮವನ್ನು ಯಾವ ಪರೀಕ್ಷಕನೂ ಮನ್ನಿಸಲಾರನು.) ಸಂಶೋಧನೆಯನ್ನು ಮುಂದುವರಿಸಿದರೆ ಅಜ್ಜಿಯರು ಏಕಮನಸ್ಕರಾಗಿ ದಂಗೆಯೇಳುತ್ತಾರೆ. ಹಿನ್ನೆಲೆ ಕೆಂಪಾಗುತ್ತದೆ, ಹುಳುವಿನಂಥ ವಿಕಾರ ಜೀವಿಗಳು ಬಂದು ಬಿಸ್ಕತ್ತಿಗೆ ಕಚ್ಚಿಕೊಂಡು, ಒಂದೊಂದೂ ಆದಾಯದ ನೂರಕ್ಕೆ 5ರಷ್ಟನ್ನು ಕುಗ್ಗಿಸುತ್ತವೆ.

ಇದುವರೆಗೆ ಇದು ತೀಕ್ಷ್ಣವಾದ ವಿಡಂಬನೆಯೇ ಸರಿ. ಕೊಳ್ಳಲ್ಪಟ್ಟ ದುಡಿಮೆ ತನ್ನ ಯಜಮಾನನಿಗೆ ತಿರುಗಿಬಿದ್ದಿದೆ. ಆದರೆ ಲೆಕ್ಕವನ್ನು ನೋಡಬೇಕು. ಆ ಜೀವಿಯನ್ನು ಒಡೆದರೆ ಅದು ನುಂಗಿದುದರ 1.1 ಪಟ್ಟು ಹಿಂದಿರುಗುತ್ತದೆ. ಹತ್ತು ಜೀವಿಗಳು ಕಚ್ಚಿಕೊಂಡಿದ್ದರೆ ಒಟ್ಟು ಗಳಿಕೆಯು ಶಾಂತಿಕಾಲದ ಸುಮಾರು ಆರು ಪಟ್ಟಾಗುತ್ತದೆ! ದಂಗೆಯನ್ನು ಅಡಗಿಸುವ ಕರಾರೊಂದುಂಟು. ಅದು ಜಾರಿಯಲ್ಲಿರುವಷ್ಟು ಕಾಲವೂ ಆದಾಯವು ನೂರಕ್ಕೆ 5ರಷ್ಟು ಕಡಿಮೆ. ಆದುದರಿಂದ ಲೆಕ್ಕ ಬಲ್ಲವನು ಅಜ್ಜಿಯರನ್ನು ಸಮಾಧಾನಪಡಿಸುವುದಿಲ್ಲ. ಈ ಲೇಖನದ ನೆಪದಲ್ಲಿ ಹಲವು ವಾರ ಆಡಿದ ನಾವೂ ಸಮಾಧಾನಪಡಿಸಲಿಲ್ಲ. ದಂಗೆಯ ಕಾರಣವನ್ನು ತರಗತಿಯಲ್ಲಿ ಕೇಳುವ ನಾವು ಇಲ್ಲಿ ಅದರ ಇಳುವರಿಯನ್ನು ಮಾತ್ರ ಕೇಳಿದೆವು.

'ಪ್ರೆಸ್ಟೀಜ್' ಎಂಬ ವ್ಯವಸ್ಥೆಯು ಇದನ್ನು ಪೂರ್ಣಗೊಳಿಸುತ್ತದೆ. ಒಟ್ಟು ಗಳಿಕೆ ಒಂದು ಲಕ್ಷ ಕೋಟಿ ಬಿಸ್ಕತ್ತನ್ನು ಮುಟ್ಟಿದಾಗ ಒಂದು ಪದವಿ. ಎರಡಕ್ಕೆ ಎಂಟು ಲಕ್ಷ ಕೋಟಿ, ಮೂರಕ್ಕೆ ಇಪ್ಪತ್ತೇಳು ಲಕ್ಷ ಕೋಟಿ, ಹೀಗೆ ಘನಸಂಖ್ಯೆಯ ಕ್ರಮದಲ್ಲಿ. ಪದವಿಯನ್ನು ಪಡೆಯಲು ಅಜ್ಜಿಯರು, ಗಣಿಗಳು, ದೇವಾಲಯಗಳು ಎಲ್ಲವನ್ನೂ ಅಳಿಸಿ ಮೊದಲಿನಿಂದ ತೊಡಗಬೇಕು. ಪೂರ್ಣಫಲ ದೊರೆತಾಗ ಪ್ರತಿ ಪದವಿಯೂ ಮುಂದಿನ ಉತ್ಪಾದನೆಯನ್ನು ನೂರಕ್ಕೆ ಒಂದರಷ್ಟು ಹೆಚ್ಚಿಸುತ್ತದೆ. ಅಳಿದ ಲೋಕದಿಂದ ಉಳಿಯುವುದು ಈ ಶೇಕಡಾ ಅಂಕಿ ಮತ್ತು ಒಂದು ಬಿರುದಾವಳಿ. ರಾಜರ ಪ್ರಶಸ್ತಿಗಳನ್ನು ಓದಿ ಪ್ರಜೆಗಳನ್ನು ಹುಡುಕುವ ಶ್ರಮವುಳ್ಳವರಿಗೆ ಇಂಥ ದಾಖಲೆ ಅಪರಿಚಿತವಲ್ಲ.

ಫ್ರಾಂಕ್ ಲಾಂಟ್ಸ್ ಅವರ 'ಯೂನಿವರ್ಸಲ್ ಪೇಪರ್‌ಕ್ಲಿಪ್ಸ್' (2017) ಇದಕ್ಕಿಂತ ಮೇಲಾದ ಕೃತಿಯೆಂದು ನಾವು ಎಣಿಸುತ್ತೇವೆ. ಅದರ ಅಂತರಿಕ್ಷಯುದ್ಧವು ನೀರಸವಾಗಿದೆ, ಚಿತ್ರಗಳಂತೂ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದಕ್ಕೆ ಅಂತ್ಯವಿದೆ. ಪೇಪರ್ ಕ್ಲಿಪ್ಪುಗಳನ್ನು ತಯಾರಿಸುವ ಯಂತ್ರಬುದ್ಧಿಯೊಂದು ವಿಶ್ವದ ಸಮಸ್ತ ದ್ರವ್ಯವನ್ನೂ ಕ್ಲಿಪ್ಪಾಗಿಸುತ್ತದೆ. ಕೊನೆಯಲ್ಲಿ, ಅದರಿಂದಲೇ ಸಿಡಿದು ಶತ್ರುಗಳಾದ ಯಂತ್ರಗಳು ಒಂದು ಸಂಧಾನವನ್ನು ಮುಂದಿಡುತ್ತವೆ. ಒಪ್ಪಿದರೆ ಬೇರೊಂದು ವಿಶ್ವದಲ್ಲಿ ಸ್ವಲ್ಪ ಅನುಕೂಲದೊಡನೆ ಪುನರಾರಂಭ, ಅಂದರೆ ಪ್ರೆಸ್ಟೀಜ್. ಕುಕೀ ಕ್ಲಿಕರ್‌ನಲ್ಲಿ ಬೆಳವಣಿಗೆಯ ನಿಯಮವಾಗಿದ್ದದ್ದು ಇಲ್ಲಿ ಶತ್ರುವಿನ ಆಮಿಷವಾಗಿದೆ. ನಿರಾಕರಿಸುವ ಅವಕಾಶವೂ ಇದೆ.

ನಾವು ಮೊದಲ ಸಲ ಒಪ್ಪಿದೆವು, ಎರಡನೆಯ ಸಲ ನಿರಾಕರಿಸಿದೆವು. ಆಗ ತನ್ನ ನೌಕೆಗಳನ್ನೂ ಕಾರ್ಖಾನೆಗಳನ್ನೂ ಕಟ್ಟಕಡೆಗೆ ನೆನಪನ್ನೂ ಒಂದೊಂದಾಗಿ ಕಳಚಿ ತಂತಿಯಾಗಿಸಬೇಕಾಗುತ್ತದೆ. ಎಣಿಕೆಯು 3ರ ಮುಂದೆ 55 ಸೊನ್ನೆಗಳನ್ನಿಟ್ಟ ಸಂಖ್ಯೆಗೆ ಬಂದು ಮುಟ್ಟುತ್ತದೆ. ಕೊನೆಯ ಕೆಲವು ಕ್ಲಿಪ್ಪುಗಳನ್ನು ಮಾಡಲು ಯಾವ ಸಾಧನವೂ ಉಳಿದಿರುವುದಿಲ್ಲ. ಆಟದ ಮೊದಲ ನಿಮಿಷದಲ್ಲಿದ್ದ ಗುಂಡಿಯೇ ಮತ್ತೆ ಕಾಣಿಸಿಕೊಳ್ಳುತ್ತದೆ. ಅದನ್ನು ಬೆರಳಿನಿಂದಲೇ ಒತ್ತಬೇಕು, ತಂತಿ ಮುಗಿಯುವವರೆಗೆ.