ಬಾಗಿಲು ತಟ್ಟಿದವರು ಯಾರು?



ಕಳೆದ ಕೂಟದಲ್ಲಿ ವಿವೇಕ ಶಾನಭಾಗರ 'ಸಕೀನಾಳ ಮುತ್ತು' (2021) ಚರ್ಚೆಗೆ ಬಂದಾಗ, ಬಿಸಿಬೇಳೆಭಾತ್ ಆರುವ ಮೊದಲೇ ತೀರ್ಪು ಬಂದುಬಿಟ್ಟಿತ್ತು. "ಶುರುವೇನೋ ಜೋರಾಗಿದೆ, ಆದರೆ ಕೊನೆಗೆ ಏನೂ ಗೊತ್ತಾಗೋದೇ ಇಲ್ಲವಲ್ಲ!" ಹೇಳಿದವರು ಒಬ್ಬರು, ತಲೆಯಾಡಿಸಿದವರು ಹಲವರು. ನಾವೂ ಆಡಿಸಿದೆವು. ಮನೆಗೆ ಬಂದು ಇನ್ನೊಮ್ಮೆ ಓದಿದ ಮೇಲೆ, ಆಡಿಸಬಾರದಿತ್ತು ಅನ್ನಿಸಿತು. ಈ ಬರಹ ಒಂದು ರೀತಿಯಲ್ಲಿ ಅದಕ್ಕೆ ತಪ್ಪೊಪ್ಪಿಗೆ. ಅದರ ನೆಪದಲ್ಲಿ, ಈಚಿನ ವರ್ಷಗಳಲ್ಲಿ ನಮ್ಮ ಕೈಗೆ ಬಂದ ಬೇರೆ ಬೇರೆ ಜಾತಿಯ ಕಾದಂಬರಿಗಳ ಬಗ್ಗೆಯೂ ನಾಲ್ಕು ಮಾತು. (ಪ್ರಕಾರ ಎನ್ನೋಣ. ಜಾತಿ ಎಂದರೆ ಬೇರೆಯೇ ಚರ್ಚೆ ಶುರುವಾದೀತು.)

ನಾವೆಲ್ಲ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಓದು ಕಲಿತವರು. ಸಾಮಾಜಿಕ, ಐತಿಹಾಸಿಕ, ಪತ್ತೇದಾರಿ ಎಂದು ಕಪಾಟುಗಳೇ ಬೇರೆ. ಯಾವ ಕಪಾಟಿನಿಂದ ತೆಗೆದೆವೋ ಆ ಕಪಾಟಿನ ರುಚಿಯನ್ನೇ ನಿರೀಕ್ಷಿಸುತ್ತಿದ್ದೆವು. ಊರು ಬಿಟ್ಟು ಇಷ್ಟು ವರ್ಷಗಳಾದರೂ ಆ ಕಪಾಟು ತಲೆಯೊಳಗೆ ಹಾಗೇ ಇದೆ.

'ಸಕೀನಾಳ ಮುತ್ತು' ಪತ್ತೇದಾರಿಯ ಹಾಗೆ ಶುರುವಾಗುತ್ತದೆ. ಬೆಂಗಳೂರಿನ ಒಂದು ಫ್ಲ್ಯಾಟಿನ ಬಾಗಿಲು ತಟ್ಟಿ ಇಬ್ಬರು ಹುಡುಗರು ಮಗಳು ರೇಖಾಳನ್ನು ಕೇಳುತ್ತಾರೆ. ರೇಖಾ ಊರಲ್ಲಿದ್ದಾಳೆ, ಫೋನು ಸಿಗುವುದಿಲ್ಲ. ಯಾರು ಈ ಹುಡುಗರು, ಅವಳಿಗೇನಾಗಿದೆ? ಅಪ್ಪ ವೆಂಕಟ್ ಮತ್ತು ಅಮ್ಮ ವಿಜಿಯ ಜೊತೆ ನಾವೂ ಕಂಗಾಲಾಗುತ್ತೇವೆ. ಕೆಲವೇ ದಿನಗಳ ಕಥೆಯೊಳಗೆ ದಾಂಪತ್ಯ, ಆಸ್ತಿ, ಎಂದೋ ಕಾಣೆಯಾದ ಮಾವ, ರಾಜಕೀಯ ಎಲ್ಲ ಬಂದು ಸೇರುತ್ತವೆ. ಪ್ರಶ್ನೆಗಳು ಮಾತ್ರ ಪ್ರಶ್ನೆಗಳಾಗಿಯೇ ಉಳಿಯುತ್ತವೆ.

ಕೂಟದಲ್ಲಿ ಮುಕ್ಕಾಲು ಪಾಲು ಸಾಫ್ಟ್‌ವೇರಿನವರೇ ಇರುವಾಗ ಇದು ಕಷ್ಟವೇ. ಬಗ್ ಒಂದು ತೆರೆದೇ ಇದ್ದರೆ ನಮಗೆ ಶುಕ್ರವಾರ ಸಂಜೆ ಮನೆಗೆ ಹೋಗಲು ಮನಸ್ಸಾಗುವುದಿಲ್ಲ. ಆದರೆ ಎರಡನೆಯ ಓದಿನಲ್ಲಿ ನಮ್ಮ ಕಣ್ಣು ಹುಡುಗರ ಮೇಲಿಂದ ವೆಂಕಟ್ ಮೇಲೆ ಬಿತ್ತು. ಬದುಕು ಹೇಗೆ ನಡೆಸಬೇಕೆಂದು ಹೇಳುವ ಪುಸ್ತಕಗಳನ್ನು ನಂಬಿ ಬೆಳೆದ ಮನುಷ್ಯ ಈತ. ಜಗಳವಿಲ್ಲದಿರುವುದೇ ಸುಖ ಎಂದುಕೊಂಡವನು. ಪತ್ತೇದಾರನಿಗೆ ಜನ ಹೇಗೋ ಬಾಯಿ ಬಿಡುತ್ತಾರೆ. ಇವನಿಗೆ ಹೆಂಡತಿ, ಮಗಳು ಇಬ್ಬರೂ ಹೇಳುವುದಿಲ್ಲ. ಹೇಳಿದರೆ ಏನು ಮಾಡುತ್ತಾನೆಂಬುದು ಅವರಿಗೆ ಗೊತ್ತು. ಶೀರ್ಷಿಕೆಯೂ ಕೈಬರಹವೊಂದನ್ನು ಓದುವ ಗೊಂದಲದಿಂದಲೇ ಬಂದದ್ದು. ಲೇಖಕರು ಉತ್ತರವನ್ನು ಬಚ್ಚಿಟ್ಟಿದ್ದಾರೆ ಎಂದು ನಾವು ಸಿಟ್ಟಾದೆವು. ಕಥೆ ಹೇಳುತ್ತಿರುವವನ ಕೈಗೇ ಉತ್ತರ ಸಿಕ್ಕಿಲ್ಲ, ಅವನ ಮನೆಯಲ್ಲಿ ಅದು ಸಿಗುವಂತೆಯೂ ಇಲ್ಲ. ನಮ್ಮ ಮನೆಗಳಲ್ಲಿ ಬೆಳೆದ ಮಕ್ಕಳು ನಮಗೆ ಏನೇನು ಹೇಳುತ್ತಾರೆ ಎಂದು ಯೋಚಿಸಿದರೆ, ಅಂದು ಅಷ್ಟು ಜನ ಒಟ್ಟಿಗೆ ತಲೆಯಾಡಿಸಿದ್ದಕ್ಕೆ ಬೇರೆಯೇ ಕಾರಣ ಇದ್ದೀತು.

ಉತ್ತರ ಬೇಕೇ ಬೇಕು ಎನ್ನುವವರಿಗೆ ಕೆ.ಎನ್. ಗಣೇಶಯ್ಯನವರಿದ್ದಾರೆ. 'ಕರಿಸಿರಿಯಾನ'ದಲ್ಲಿ ತಾಳಿಕೋಟೆ ಯುದ್ಧದ (1565) ನಂತರ ಆನೆಗಳ ಮೇಲೆ ಸಾಗಿಸಿದ ವಿಜಯನಗರದ ಸಂಪತ್ತಿನ ಹುಡುಕಾಟವಿದೆ. ಪುಟ ತಾನಾಗಿ ತಿರುಗುತ್ತದೆ. ಅಡಿಟಿಪ್ಪಣಿ, ಚಿತ್ರಗಳು ಬೇರೆ. ಪುಸ್ತಕ ಮುಚ್ಚಿದ ಮೇಲೆ ಆನೆಗಳು ನೆನಪಿರುತ್ತವೆ, ಮನುಷ್ಯರು ಅಷ್ಟಾಗಿ ಇಲ್ಲ. ಅದಕ್ಕೆ ದೂರೇನಿಲ್ಲ, ಕೊಟ್ಟ ಮಾತನ್ನು ಅದು ಉಳಿಸಿಕೊಂಡಿದೆ. ಭೈರಪ್ಪನವರ 'ಯಾನ' (2014) ಸೌರಮಂಡಲ ದಾಟುವ ನೌಕೆಯಲ್ಲಿ ನಡೆಯುತ್ತದೆ. ನಮ್ಮವರು ನೌಕೆಯ ಲೆಕ್ಕಾಚಾರದಲ್ಲಿ ತಪ್ಪು ಹುಡುಕುತ್ತ ಕುಳಿತರು. ಭೈರಪ್ಪನವರಿಗೆ ಬೇಕಿದ್ದದ್ದು ಆ ನೌಕೆಯೊಳಗಿನ ಗಂಡುಹೆಣ್ಣಿನ ಬಿಕ್ಕಟ್ಟು.

ವಿಜಯನಗರದ ಮಾತು ಬಂದದ್ದಕ್ಕೆ ವಸುಧೇಂದ್ರರ 'ತೇಜೋ-ತುಂಗಭದ್ರಾ' (2019). ನಮ್ಮ ಐತಿಹಾಸಿಕ ಕಾದಂಬರಿಗೆ ದೊರೆ ಬೇಕು, ತ.ರಾ.ಸು. ಅವರ 'ದುರ್ಗಾಸ್ತಮಾನ'ಕ್ಕೆ ಮದಕರಿ ಇದ್ದ ಹಾಗೆ. ಇಲ್ಲಿ ಕೃಷ್ಣದೇವರಾಯನ ಕಾಲ ಇದೆ, ಆದರೆ ಕಥೆ ಅವನದಲ್ಲ. ತೇಜೋ ನದಿಯ ದಡದ ಲಿಸ್ಬನ್ನಿನಲ್ಲಿ ಗೇಬ್ರಿಯಲ್, ಅವನು ಪ್ರೀತಿಸುವ ಯಹೂದಿ ಹುಡುಗಿ ಬೆಲ್ಲಾ. ತುಂಗಭದ್ರೆಯ ದಡದ ತೆಂಬಕಪುರದಲ್ಲಿ ಹಂಪಮ್ಮ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದ ಸುದ್ದಿ ನಮಗೆ ಶಾಲೆಯ ಪುಸ್ತಕದಲ್ಲಿ ಒಂದು ಸಾಲಾಗಿತ್ತು. ಆ ಸಾಲಿನ ಕೆಳಗೆ ಎಷ್ಟು ಜನ ಸಿಕ್ಕಿಹಾಕಿಕೊಂಡಿದ್ದರು ಎನ್ನುವುದು ಇಲ್ಲಿ ಕಾಣುತ್ತದೆ. ಹಡಗಿನ ಪ್ರಯಾಣದ ಭಾಗಗಳಂತೂ ಅದ್ಭುತ. ಒಂದೇ ಆಕ್ಷೇಪಣೆ: ಸತಿ, ಲೆಂಕರ ಆತ್ಮಬಲಿ, ಮತಾಂತರ ಎಂದು ಕ್ರೌರ್ಯದ ಮೇಲೆ ಕ್ರೌರ್ಯ ಬರುವಾಗ, ಕೆಲವು ಪಾತ್ರಗಳು ಪದ್ಧತಿಯೊಂದನ್ನು ತೋರಿಸುವುದಕ್ಕೇ ಹುಟ್ಟಿದವೇನೋ ಎನ್ನಿಸುತ್ತದೆ.

ಕೊನೆಗೆ ಉಳಿಸಿಕೊಂಡದ್ದು ಗುರುಪ್ರಸಾದ ಕಾಗಿನೆಲೆಯವರ 'ಹಿಜಾಬ್' (2017). ಇದಕ್ಕೆ ನಾವು ಮೊದಲೇ ಒಂದು ಕಪಾಟು ತಯಾರಿಟ್ಟಿದ್ದೆವು: 'ಅನಿವಾಸಿ ಕಾದಂಬರಿ'. ಅಂದರೆ ಹಿಮ, ಒಂಟಿತನ, ಊರಿನ ನೆನಪು, ಅಮ್ಮನ ಫೋನು. ಸ್ವತಃ ಮಿನೆಸೋಟಾದಲ್ಲಿ ವೈದ್ಯರಾಗಿರುವ ಕಾಗಿನೆಲೆ ಅದನ್ನು ಕೊಡುವುದಿಲ್ಲ. ಅಮೋಕಾ ಎಂಬ ಸಣ್ಣ ಊರು, ಅಲ್ಲಿನ ಆಸ್ಪತ್ರೆಯಲ್ಲಿ ಗ್ರೀನ್ ಕಾರ್ಡಿನ ದಾರಿ ಕಾಯುವ ನಮ್ಮಂಥ ವೈದ್ಯರು. ಎದುರಿಗೆ, ನಿರಾಶ್ರಿತರಾಗಿ ಬಂದ ಬೇರೊಂದು ದೇಶದ ಹೆಂಗಸರು. ಸಿಸೇರಿಯನ್ ಹೆರಿಗೆಯ ಸುತ್ತ ಶುರುವಾಗುವ ತಕರಾರು ಸಾವುಗಳವರೆಗೆ ಹೋಗುತ್ತದೆ. ಆಸ್ಪತ್ರೆ, ಕಾನೂನು, ಮಾಧ್ಯಮ ಎಲ್ಲ ಬಂದ ಮೇಲೆ ಕಾದಂಬರಿ ಅಲ್ಲಲ್ಲಿ ಚರ್ಚಾಸ್ಪರ್ಧೆಯಂತಾಗುವುದೂ ನಿಜ.

ಆದರೂ ಇದನ್ನು ಓದುವಾಗ ನಮಗಾದ ಮುಜುಗರ ಬೇರೆ ಯಾವ ಅನಿವಾಸಿ ಬರಹದಲ್ಲೂ ಆಗಿರಲಿಲ್ಲ. ಇಷ್ಟು ದಿನ ನಮ್ಮ ಕಥೆಗಳಲ್ಲಿ ಹೊರಗಿನವರು ನಾವೇ. ಬಾಗಿಲ ಹೊರಗೆ ನಿಂತು ತಟ್ಟುವವರು ನಾವು, ತೆರೆಯದವರು ಬಿಳಿಯರು. ಇಲ್ಲಿ ಬಾಗಿಲ ಒಳಗಡೆ ಸ್ಟೆತಾಸ್ಕೋಪು ಹಾಕಿಕೊಂಡು ಕೂತವನು ಕನ್ನಡಿಗ. ಹೊರಗೆ ನಿಂತವಳ ಭಾಷೆ ಅವನಿಗೆ ಬಾರದು, ಅವಳ ದೇವರ ಬಗ್ಗೆ ಅವನಿಗೊಂದು ಅಭಿಪ್ರಾಯ ಮೊದಲೇ ಇದೆ. ನಾವು ವೀಸಾ ಪಡೆದು, ಸಾಲಿನಲ್ಲಿ ನಿಂತು ಬಂದವರು, ಅವರು ಸುಮ್ಮನೆ ಬಂದವರು ಎನ್ನುವ ಮಾತು ನಮ್ಮ ಕೂಟಗಳಲ್ಲೇ ಎಷ್ಟು ಸಲ ಕೇಳಿಲ್ಲ? ಆಡಿದ್ದೂ ಉಂಟು.

ಮುಂದಿನ ಕೂಟಕ್ಕೆ ಇದನ್ನೇ ಇಟ್ಟುಕೊಳ್ಳೋಣ ಎಂದು ನಮ್ಮ ಸಲಹೆ. ಪವನ್ ಎನ್. ರಾವ್ ಮಾಡಿರುವ ಇಂಗ್ಲಿಷ್ ಅನುವಾದವೂ ಇದೆ, ಮಕ್ಕಳಿಗೂ ಕೊಡಬಹುದು. ಅವರೂ ಓದಿಕೊಂಡು ಬಂದರೆ, ದಯವಿಟ್ಟು ಈ ಸಲ ಅವರನ್ನು ನೆಲಮಾಳಿಗೆಯಲ್ಲಿ ಟೀವಿ ಮುಂದೆ ಕೂರಿಸದೆ ಚರ್ಚೆಗೇ ಕರೆಯಿರಿ. ನಮ್ಮ ಪ್ರತಿಯನ್ನು ಯಾರೋ ತೆಗೆದುಕೊಂಡು ಹೋಗಿ ಆರು ತಿಂಗಳಾಯಿತು. ಯಾರೆಂದು ನೆನಪಿಲ್ಲ, ಅವರಿಗೆ ನೆನಪಿದ್ದರೆ ಸಾಕು.